ಪಾಸ್‌ಪೋರ್ಟು ಮತ್ತು ಕಾರ್ಕಳದ ಹೆಗ್ಡೆಯವರು



ಕಳೆದ ಕೂಟದಲ್ಲಿ ಮಾತು ಎಲ್ಲಿಂದಲೋ ಶುರುವಾಗಿ ಪಾಸ್‌ಪೋರ್ಟಿಗೆ ಬಂದು ನಿಂತದ್ದು ನಿಮಗೆ ನೆನಪಿರಬಹುದು. ಕಥೆ ಓದಲೆಂದು ಸೇರಿದ ಶುಕ್ರವಾರ ಅದು. ಇಂಡಸ್ಟ್ರಿಯಲ್ ಏರಿಯಾದ ಆ ಗ್ಯಾರೇಜಿನ ಮೇಲಿನ ರೂಮಿನಲ್ಲಿ ಎಂದಿನಂತೆ ಕರಕ್ ಚಹಾ, ಊರಿನಿಂದ ಬಂದ ಒಂದು ಪೊಟ್ಟಣ ಚಕ್ಕುಲಿ, ಹೊರಗೆ ಟ್ರೇಲರುಗಳ ಸದ್ದು. ಯಾರೋ ಒಬ್ಬರು, ಹದಿನೈದಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮ ನಡುವೆಯೇ ಇದ್ದ ಒಬ್ಬ ಗೆಳೆಯನ ಸಂಗತಿ ತೆಗೆದರು. ಗುರುವಾರ ರಾತ್ರಿ ಅವನ ಅಮ್ಮ ತೀರಿಕೊಂಡ ಸುದ್ದಿ ಬಂದಿತ್ತು. ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿ. ಕಪಾಟಿನ ಬೀಗದ ಕೈ ಮಂದೂಬನ ಹತ್ತಿರ. ಮಂದೂಬ ರಜೆಯ ಮೇಲೆ ಮರಳುಗಾಡಿನಲ್ಲೆಲ್ಲೋ, ಅವನ ಮೊಬೈಲು ಸ್ವಿಚ್ ಆಫ್. ಮೇಲಿಂದ ಎಕ್ಸಿಟ್ ಪರ್ಮಿಟ್ ಬೇರೆ ಆಗಬೇಕಿತ್ತು. ಗೆಳೆಯ ಊರು ಮುಟ್ಟುವಾಗ ಚಿತೆಯ ಬೂದಿಯೂ ಆರಿತ್ತು.

ಆಗಲೂ ಈ ದೇಶದ ಕಾನೂನು ಅವನ ಕಡೆಗೇ ಇತ್ತು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. 2009ರ ಕತಾರಿನ ಪ್ರಾಯೋಜಕತ್ವದ ಕಾನೂನು, ವಾಸದ ಪರವಾನಗಿಯ ಕೆಲಸ ಮುಗಿದ ಮೇಲೆ ಪಾಸ್‌ಪೋರ್ಟನ್ನು ಅದರ ಒಡೆಯನಿಗೆ ವಾಪಸು ಕೊಡಬೇಕು ಎಂದೇ ಹೇಳಿತ್ತು. 2015ರ ಕಾನೂನು ದಂಡವನ್ನು ಇನ್ನೂ ಹೆಚ್ಚಿಸಿತು. 2018ರಲ್ಲಿ ಹೆಚ್ಚಿನ ಕೆಲಸಗಾರರಿಗೆ, 2020ರ ಆರಂಭದಲ್ಲಿ ಮನೆಗೆಲಸದವರಿಗೂ ಎಕ್ಸಿಟ್ ಪರ್ಮಿಟ್ ಹೋಯಿತು. ಇರಲಿ. ಇವತ್ತು ನಾವು ಬರೆಯಹೊರಟದ್ದು ಕತಾರಿನ ವಿಷಯವಲ್ಲ.

ಆ ದಿನ ಕೂಟದಲ್ಲಿ ಒಬ್ಬ ಕಿರಿಯ ಮಿತ್ರರು ಒಂದು ಪ್ರಶ್ನೆ ಕೇಳಿದರು. “ಪಾಸ್‌ಪೋರ್ಟು ನಮ್ಮ ಹಕ್ಕಾ? ಸರಕಾರ ಮನಸ್ಸು ಮಾಡಿ ಕೊಡುವುದಲ್ಲವಾ?” ಉತ್ತರ ಹುಡುಕುತ್ತಾ ಹೋದ ನಾವು ಬಂದು ನಿಂತದ್ದು ನಮ್ಮದೇ ಕಾರ್ಕಳ ತಾಲೂಕಿನಲ್ಲಿ. ಆಮೇಲೆ ಕಾಸರಗೋಡಿನ ಎಡನೀರಿನಲ್ಲಿ, ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬಂದ ಕಥೆಯನ್ನು ನಿಮ್ಮ ಮುಂದಿಡುತ್ತಿದ್ದೇವೆ. ಸ್ವಲ್ಪ ಉದ್ದವಾಯಿತು, ಕ್ಷಮಿಸಿ.

ಮೊದಲು ಆ ಪ್ರಶ್ನೆಗೆ ಉತ್ತರ. 1967ರ ತನಕ ಭಾರತದಲ್ಲಿ ಪಾಸ್‌ಪೋರ್ಟು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಹೇಳುವ ಕಾನೂನೇ ಇರಲಿಲ್ಲ. ಸರಕಾರದ ವಾದ ಸರಳವಾಗಿತ್ತು: ಇದು ವಿದೇಶ ವ್ಯವಹಾರಕ್ಕೆ ಸಂಬಂಧಿಸಿದ ಕಾಗದ, ಕೊಡುವುದು ಬಿಡುವುದು ನಮ್ಮ ಇಷ್ಟ, ಕೊಟ್ಟದ್ದನ್ನು ಕಿತ್ತುಕೊಳ್ಳುವುದೂ ನಮ್ಮ ಇಷ್ಟ. ನಮ್ಮ ಕರಾವಳಿಯಿಂದ ಜನ ಕೊಲ್ಲಿಯ ಕಡೆ ಮುಖ ಮಾಡುತ್ತಿದ್ದ ಕಾಲ ಅದು. ಅರ್ಜಿ ಹಾಕಿ, ಪೋಲೀಸು ತಪಾಸಣೆ ಮುಗಿಸಿ, ಆಮೇಲೆ ಮದ್ರಾಸಿನ ಕಡೆಯಿಂದಲೋ ದೆಹಲಿಯ ಕಡೆಯಿಂದಲೋ ಒಂದು ಕವರು ಬರುತ್ತದೆಂದು ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾದ ಕಥೆಗಳನ್ನು ನಮ್ಮ ಹಿರಿಯರ ಬಾಯಿಂದ ಕೇಳಿಯೇ ನಾವು ಬೆಳೆದದ್ದು. ಕವರು ಬಾರದಿದ್ದರೆ ಏಕೆ ಎಂದು ಕೇಳುವ ಹಕ್ಕು ತನಗಿದೆ ಎಂದು ಆ ಕಾಲದ ಬಡವನಿಗೆ ಹೊಳೆಯುವುದಾದರೂ ಹೇಗೆ?

ಈ ವಾದವನ್ನು ಒಪ್ಪದ ಹೈಕೋರ್ಟುಗಳಲ್ಲಿ ನಮ್ಮ ಮೈಸೂರು ಹೈಕೋರ್ಟೂ ಒಂದು. ಡಾ. ಸದಾಶಿವ ರಾವ್ ಕೇಸು ಎಂದು ಕಾನೂನಿನ ಪುಸ್ತಕಗಳಲ್ಲಿ ಕಾಣುವ 1965ರ ಆ ತೀರ್ಪಿನಲ್ಲಿ, ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿ ಹೇಳುವ ವ್ಯಕ್ತಿಸ್ವಾತಂತ್ರ್ಯದ ಒಳಗೇ ಬರುತ್ತದೆ, ಹೋದವನಿಗೆ ಮರಳಿ ತನ್ನ ದೇಶಕ್ಕೆ ಬರುವ ಹಕ್ಕೂ ಇದೆ, ಕಾನೂನು ಹಾಕಿಕೊಟ್ಟ ಕ್ರಮವಿಲ್ಲದೆ ಅದನ್ನು ಕಸಿಯುವಂತಿಲ್ಲ ಎಂದು ಕೋರ್ಟು ಹೇಳಿತು. ಹೋಗುವ ಹಕ್ಕಿನ ಜೊತೆ ಬರುವ ಹಕ್ಕನ್ನೂ ಸೇರಿಸಿದ್ದನ್ನು ಗಮನಿಸಿ. ಪರದೇಶದಲ್ಲಿ ಕೂತ ನಮ್ಮಂಥವರಿಗೆ ಆ ಎರಡನೆಯ ಭಾಗವೇ ಹೆಚ್ಚು ತಟ್ಟುತ್ತದೆ. ಪೀಠದ ಪರವಾಗಿ ತೀರ್ಪು ಹೇಳಿದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಕಾರ್ಕಳ ತಾಲೂಕಿನ ಕೌಡೂರಿನವರು, 1909ರಲ್ಲಿ ಹುಟ್ಟಿದವರು. ನಿಟ್ಟೆಯ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿದವರೆಂದು ನಿಮ್ಮಲ್ಲಿ ಅನೇಕರಿಗೆ ಪರಿಚಯ. ನಮ್ಮ ಬಳಗದಲ್ಲೇ ಅಲ್ಲಿ ಓದಿದವರು ಮೂರು ಮಂದಿ ಇದ್ದಾರೆ. ಅವರಿಗೂ ಈ ತೀರ್ಪಿನ ವಿಷಯ ಗೊತ್ತಿರಲಿಲ್ಲ!

1967ರ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದೇ ಮಾತನ್ನು ಎತ್ತಿಹಿಡಿಯಿತು. ಮೈಸೂರಿನ ಮತ್ತು ಕೇರಳದ ತೀರ್ಪುಗಳನ್ನು ಹೆಸರಿಸಿಯೇ ಎತ್ತಿಹಿಡಿಯಿತು. ಐವರಲ್ಲಿ ಮೂವರು ಹೌದು ಎಂದರು, ಇಬ್ಬರು ಅಲ್ಲ ಎಂದರು. ಆಮೇಲೆ ಸರಕಾರ ಗಡಿಬಿಡಿಯಲ್ಲಿ ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ತಂದಿತು. ಇವತ್ತು ನಿಮ್ಮ ಕಿಸೆಯಲ್ಲಿರುವ ಪಾಸ್‌ಪೋರ್ಟು ಆ ಕಾಯಿದೆಯ ಕೂಸು. ಒಂದು ಮತ ಆಚೆ ಈಚೆ ಆಗಿದ್ದರೆ?

ಈಗ ಎಡನೀರು. ಕಾಸರಗೋಡಿನಿಂದ ಬದಿಯಡ್ಕದ ಕಡೆ ಹೋಗುವ ದಾರಿಯಲ್ಲಿರುವ ಮಠ. ನಮ್ಮಲ್ಲಿ ಕಾಸರಗೋಡಿನವರು ಆ ಮಠದ ಅಂಗಳದಲ್ಲಿ ಯಕ್ಷಗಾನ ನೋಡುತ್ತಾ ನಿದ್ದೆಗೆ ಜಾರಿದವರು. ಅಲ್ಲಿನ ಕೇಶವಾನಂದ ಭಾರತಿ ಸ್ವಾಮಿಗಳು ಸ್ವತಃ ಹಾಡುಗಾರರು, ಭಾಗವತಿಕೆ ಬಲ್ಲವರು. ಕೇರಳದ ಭೂಸುಧಾರಣೆಯ ಕಾನೂನಿನಿಂದ ಮಠದ ಭೂಮಿ ಹೋಗುವ ಪ್ರಸಂಗ ಬಂದಾಗ ಅವರು 1970ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ವಯಸ್ಸು ಮೂವತ್ತರ ಆಸುಪಾಸು. ಮುಂಬಯಿಯ ನಾನಿ ಪಾಲ್ಖಿವಾಲಾ ಅವರ ಪರ ವಾದಿಸಿದರು. ಹದಿಮೂರು ನ್ಯಾಯಮೂರ್ತಿಗಳು, ಅರವತ್ತೆಂಟು ದಿನಗಳ ವಿಚಾರಣೆ. 1973ರ ಏಪ್ರಿಲ್ 24ರಂದು ಏಳು-ಆರರ ಅಂತರದಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡವುವಂತಿಲ್ಲ. ಆ ಏಳು ಮಂದಿಯಲ್ಲಿ ಆ ಹೊತ್ತಿಗೆ ಸುಪ್ರೀಂ ಕೋರ್ಟಿಗೆ ಹೋಗಿದ್ದ ನಮ್ಮ ಹೆಗ್ಡೆಯವರೂ ಒಬ್ಬರು.

ಇಲ್ಲೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಈ ಕೇಸಿನ ಹೆಸರು ಕೇಳಿದ ಕೂಡಲೇ ಹೊಗಳುವುದು ರೂಢಿ. ಆದರೆ ನಮ್ಮ ಬಳಗದಲ್ಲಿ ಗೇಣಿ ಒಕ್ಕಲಿನ ಮನೆಗಳಿಂದ ಬಂದವರೂ ಇದ್ದೇವೆ, ಭೂಮಿ ಕಳಕೊಂಡ ಮನೆಗಳಿಂದ ಬಂದವರೂ ಇದ್ದೇವೆ. ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಇಲ್ಲದಿದ್ದರೆ ನಮ್ಮಲ್ಲಿ ಕೆಲವರ ಅಪ್ಪಂದಿರು ಮಕ್ಕಳನ್ನು ಶಾಲೆಗೆ ಕಳಿಸುತ್ತಿರಲಿಲ್ಲ. ಮಠದ ಭೂಮಿಯ ವಾದಕ್ಕೆ ಅವರ ಸಹಾನುಭೂತಿ ಇರಬೇಕೆಂದು ನಾವು ಹೇಳಲಾರೆವು. ವಿಚಿತ್ರವೆಂದರೆ ಭೂಮಿಯ ವಿಷಯದಲ್ಲಿ ಶುರುವಾದ ಆ ಕೇಸು ನೆನಪಿನಲ್ಲಿ ಉಳಿದದ್ದು ಭೂಮಿಗಾಗಿ ಅಲ್ಲ. 2020ರ ಸೆಪ್ಟೆಂಬರಿನಲ್ಲಿ ಸ್ವಾಮಿಗಳು ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಬರೆದದ್ದು ಸಂವಿಧಾನದ ಬಗ್ಗೆ; ಅವರ ಭಾಗವತಿಕೆಯನ್ನು ನೆನೆದವರು ಕಾಸರಗೋಡಿನವರು.

ತೀರ್ಪಿನ ಮರುದಿನ, ಅಂದರೆ ಏಪ್ರಿಲ್ 25ಕ್ಕೆ, ಸರಕಾರ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಎಂದು ಪ್ರಕಟಿಸಿತು. ಸೇವಾ ಹಿರಿತನದಲ್ಲಿ ಅವರಿಗಿಂತ ಮೇಲಿದ್ದ ಮೂವರನ್ನು ದಾಟಿ: ಶೇಲಟ್, ಹೆಗ್ಡೆ, ಗ್ರೋವರ್. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಪಾಸ್‌ಪೋರ್ಟು ನಿಮ್ಮ ಹಕ್ಕು ಎಂದಿದ್ದ ಮನುಷ್ಯನಿಗೆ ಸರಕಾರ ಬಾಗಿಲು ತೋರಿಸಿದ್ದು ಹೀಗೆ.

ಎರಡು ವರ್ಷ ಕಳೆಯಿತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ನಾಲ್ವರು ಸಂಸದರನ್ನು ಹಿಡಿದರು: ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಸಮಾಜವಾದಿ ಮಧು ದಂಡವತೆ, ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರ. ಪಕ್ಷಾಂತರ ತಡೆಯುವ ಮಸೂದೆಯ ಬಗ್ಗೆ ಸಂಸತ್ತಿನ ಸಮಿತಿಯ ಸಭೆಗೆಂದು ಊರಿಗೆ ಬಂದಿದ್ದವರು. ಆಂತರಿಕ ಭದ್ರತಾ ಕಾಯಿದೆ, ಎಲ್ಲರ ಬಾಯಲ್ಲಿ ಮೀಸಾ, ಅದರಡಿ ಸೆಂಟ್ರಲ್ ಜೈಲು. ಈಗ ಆ ಜಾಗ ಫ್ರೀಡಂ ಪಾರ್ಕು. ರಜೆಯಲ್ಲಿ ಹೋದಾಗ ಮಕ್ಕಳನ್ನು ಕರಕೊಂಡು ಹೋಗಿ. ಹಳೆಯ ಸೆಲ್ಲುಗಳನ್ನು ಕೆಲವನ್ನು ಹಾಗೇ ಉಳಿಸಿದ್ದಾರೆ.

ನಾಲ್ವರೂ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಇದೇನೆಂದು ಕೇಳುವವರಿಗೆ: ಹಿಡಿದಿಟ್ಟ ಮನುಷ್ಯನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ, ಯಾಕೆ ಹಿಡಿದಿರಿ ಹೇಳಿ, ಎಂದು ಸರಕಾರಕ್ಕೇ ಆಜ್ಞೆ ಮಾಡುವ ರಿಟ್ಟು. ಕೆಲಸ ಮಾಡಲು ಮುಂದೆ ಬಂದವರು ಆಗಿನ್ನೂ ಹೆಸರು ಮಾಡದ ಇಬ್ಬರು ಕನ್ನಡಿಗರು. ಒಬ್ಬರು ಶಿವಮೊಗ್ಗ ಜಿಲ್ಲೆಯ ಎಂ. ರಾಮಾ ಜೋಯಿಸ್. ಇನ್ನೊಬ್ಬರು ಮೂವತ್ತೈದು ವರ್ಷದ ಎನ್. ಸಂತೋಷ್ ಹೆಗ್ಡೆ, ಅದೇ ಕೆ.ಎಸ್. ಹೆಗ್ಡೆಯವರ ಮಗ. ಅಪ್ಪ ರಾಜೀನಾಮೆ ಕೊಟ್ಟು ಎರಡು ವರ್ಷ, ಈಗ ಮಗ ಕಪ್ಪು ಕೋಟು ಹಾಕಿಕೊಂಡು ಅದೇ ಸರಕಾರದ ಎದುರು. ವಾದಿಸಲು ಮುಂಬಯಿಯಿಂದ ಎಂ.ಸಿ. ಛಾಗ್ಲಾ ಬಂದರು. ಹಿಂದೆ ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಕೇಂದ್ರದ ವಿದೇಶ ಮಂತ್ರಿ ಆಗಿದ್ದವರು, ಎಪ್ಪತ್ತೈದರ ಹೊಸ್ತಿಲಲ್ಲಿ ಇದ್ದವರು. ಮಂತ್ರಿ ಆಗಿದ್ದವರು ಬಾಯಿ ಮುಚ್ಚಿ ಮನೆಯಲ್ಲಿ ಕೂತರೆ ಯಾರೂ ಬೈಯುತ್ತಿರಲಿಲ್ಲ, ಅಲ್ಲವೇ?

ಸರಕಾರ ಆಡಿದ ಆಟವನ್ನೂ ಹೇಳಬೇಕು. ಜೂನ್ 27ಕ್ಕೆ ರಾಷ್ಟ್ರಪತಿಗಳ ಆದೇಶ ಬಂತು: 14, 21, 22ನೇ ವಿಧಿಗಳ ಹಕ್ಕು ಹಿಡಿದು ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಅದರ ಬೆನ್ನಿಗೇ ಮೀಸಾಕ್ಕೆ ತಿದ್ದುಪಡಿ: ಬಂಧನದ ಕಾರಣವನ್ನು ಬಂಧಿತನಿಗೂ ಹೇಳಬೇಕಾಗಿಲ್ಲ. ಜುಲೈಯಲ್ಲಿ ಬೆಂಗಳೂರಿನ ಅರ್ಜಿಗಳು ವಿಚಾರಣೆಗೆ ಬರುವ ಹೊತ್ತಿಗೆ ಹಳೆಯ ಬಂಧನದ ಆದೇಶವನ್ನು ಹಿಂತೆಗೆದು, ಬಿಡುಗಡೆ ಮಾಡಿದಂತೆ ಮಾಡಿ, ಹೊಸ ಆದೇಶದಲ್ಲಿ ಮತ್ತೆ ಹಿಡಿದರು. ಮೊದಲ ಆದೇಶದ ತಪ್ಪುಗಳನ್ನು ವಕೀಲರು ಎತ್ತಿ ತೋರಿಸಬಹುದಿತ್ತು, ಆದೇಶವೇ ಇಲ್ಲವಾದ ಮೇಲೆ ತೋರಿಸುವುದೇನನ್ನು? ವಕೀಲರು ಮತ್ತೆ ಮೊದಲಿನಿಂದ ಅರ್ಜಿ ಬರೆದರು. ಟೈಪ್‌ರೈಟರು, ಕಾರ್ಬನ್ ಕಾಗದದ ಕಾಲ. ಮಾತಾಡಿದ್ದನ್ನು ಅಚ್ಚು ಮಾಡಲು ಪತ್ರಿಕೆಗಳಿಗೆ ಸೆನ್ಸಾರು. ಕೋರ್ಟಿನಲ್ಲಿ ಏನು ನಡೆಯಿತೆಂದು ಊರಿಗೆ ಗೊತ್ತಾಗುವುದು ಬಾಯಿಂದ ಬಾಯಿಗೆ.

ಅರ್ಜಿ ಕೇಳುವುದಕ್ಕೇ ಕೋರ್ಟಿಗೆ ಅಧಿಕಾರವಿಲ್ಲ ಎಂಬ ಸರಕಾರದ ಆಕ್ಷೇಪವನ್ನು ಕರ್ನಾಟಕ ಹೈಕೋರ್ಟು ಒಪ್ಪಲಿಲ್ಲ. ದೇಶದ ಒಂಬತ್ತು ಹೈಕೋರ್ಟುಗಳು ಹೀಗೇ ಹೇಳಿದವು. ಹೇಳಿದ್ದಕ್ಕೆ ಬೆಲೆಯೂ ತೆತ್ತರು. 1976ರಲ್ಲಿ ಬೇರೆ ಬೇರೆ ಹೈಕೋರ್ಟುಗಳ ಹದಿನಾರು ನ್ಯಾಯಮೂರ್ತಿಗಳಿಗೆ ಅವರ ಒಪ್ಪಿಗೆ ಕೇಳದೆ ವರ್ಗವಾಯಿತು. ಕರ್ನಾಟಕದಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದ ಸ್ವಾಮಿ ಗುವಾಹಟಿಗೆ. ನಮಗೆ ವರ್ಗ ಎಂದರೆ ಸೈಟು ಬದಲಾದಂತೆ, ದುಖಾನಿನಿಂದ ಮೆಸಾಯೀದಿಗೆ ಹೋದಂತೆ ಅನಿಸಬಹುದು. ಅವರ ಪಾಲಿಗೆ ಅದು ಉಳಿದ ನ್ಯಾಯಮೂರ್ತಿಗಳಿಗೆಲ್ಲ ಕಾಣುವಂತೆ ಕೊಟ್ಟ ಪೆಟ್ಟು. ಚಂದ್ರಶೇಖರ್ ಮುಂದೆ ಕರ್ನಾಟಕಕ್ಕೇ ಮುಖ್ಯ ನ್ಯಾಯಮೂರ್ತಿಯಾಗಿ ಮರಳಿದರು ಎಂಬುದು ಬೇರೆ ಮಾತು.

ಹೈಕೋರ್ಟುಗಳ ವಿರುದ್ಧ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಜಬಲಪುರದ ಜಿಲ್ಲಾ ಮ್ಯಾಜಿಸ್ಟ್ರೇಟರ ಹೆಸರಿನಲ್ಲಿ ಪ್ರಸಿದ್ಧವಾದ ಕೇಸು ಅದು. ಬೆಂಗಳೂರಿನ ಬಂಧಿತರ ಕೇಸೂ ಅದರೊಳಗೇ ಇತ್ತು. 1975ರ ಡಿಸೆಂಬರಿನಲ್ಲಿ ವಿಚಾರಣೆ ಶುರು. ಬಂಧಿತರ ಕಡೆ ಶಾಂತಿ ಭೂಷಣ್, ವಿ.ಎಂ. ತಾರ್ಕುಂಡೆ, ಸೋಲಿ ಸೊರಾಬ್ಜಿ, ರಾಮ್ ಜೇಠ್ಮಲಾನಿ, ಅನಿಲ್ ದಿವಾನ್. ಅವರ ಸಾಲಿನಲ್ಲಿ ನಮ್ಮ ರಾಮಾ ಜೋಯಿಸ್ ಮತ್ತು ಸಂತೋಷ್ ಹೆಗ್ಡೆ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದ ಪ್ರಶ್ನೆ ನಿಮಗೆ ಗೊತ್ತಿರಬಹುದು. ಒಬ್ಬ ಪೋಲೀಸ ತನ್ನ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೆ, ಆಗಲೂ ಕೋರ್ಟಿಗೆ ಬರುವಂತಿಲ್ಲವೇ? ತುರ್ತುಪರಿಸ್ಥಿತಿ ಇರುವ ತನಕ ಇಲ್ಲ ಎಂದರು ಡೇ. ಸರಕಾರದ ಬಾಯಿಂದ ಸರಕಾರದ ವಾದದ ತಳವನ್ನು ಹೀಗೆ ಹೊರಗೆ ಹಾಕಿಸಿದ ಪ್ರಶ್ನೆ ನಮಗೆ ಗೊತ್ತಿರುವ ಮಟ್ಟಿಗೆ ಬೇರೊಂದಿಲ್ಲ.

1976ರ ಏಪ್ರಿಲ್ 28. ನಾಲ್ವರು ಸರಕಾರದ ಪರ: ರೇ, ಬೇಗ್, ಚಂದ್ರಚೂಡ್, ಭಗವತಿ. ಖನ್ನಾ ಒಬ್ಬರೇ ಬೇರೆ. ವಕೀಲರು ಸೋತರು. ಬಂಧಿತರು ಜೈಲಿನಲ್ಲೇ ಉಳಿದರು. ವಾದಿಸಿದ ರಾಮಾ ಜೋಯಿಸರನ್ನೂ ತುರ್ತುಪರಿಸ್ಥಿತಿಯ ಕಾಲದಲ್ಲೇ ಹಿಡಿದು ತಮ್ಮ ಕಕ್ಷಿದಾರರಿದ್ದ ಬೆಂಗಳೂರು ಜೈಲಿಗೇ ಹಾಕಿದರು. ತನ್ನ ಕಕ್ಷಿದಾರನ ಪಕ್ಕದ ಕೋಣೆಗೆ ವಕೀಲ ಹೋಗಿ ಸೇರುವುದು ಕಥೆಯಲ್ಲಿ ಬರೆದರೆ ಸಂಪಾದಕರು ಒಪ್ಪುವುದಿಲ್ಲ, ಅತಿಯಾಯಿತು ಎನ್ನುತ್ತಾರೆ.

ಸೋಲು ಎಂದರೆ ಏನು ಎಂಬುದು ಕಾನೂನಿನ ಪುಸ್ತಕದಲ್ಲಿ ಗೊತ್ತಾಗುವುದಿಲ್ಲ. ತೀರ್ಪು ಬಂದು ಒಂದು ವಾರ ಆಗುವುದರೊಳಗೆ ಬೆಂಗಳೂರಿನಲ್ಲಿ ಎರಡು ಸಂಗತಿ ನಡೆಯಿತು. ಮೇ 1ಕ್ಕೆ ಜಾರ್ಜ್ ಫೆರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಮನೆಯಿಂದ ಕರೆದೊಯ್ದರು. ಅಣ್ಣ ಎಲ್ಲಿದ್ದಾನೆ ಹೇಳು ಎಂದು ದಿನಗಟ್ಟಲೆ ಹೊಡೆದರು. ಎದ್ದು ನಡೆಯಲಾರದ ಸ್ಥಿತಿಗೆ ತಂದರು. ಮಗ ಎಲ್ಲಿ ಎಂದು ಹುಡುಕಿ ಅಲೆದ ತಾಯಿ ಆಲಿಸ್ ಫೆರ್ನಾಂಡಿಸ್ ರಾಷ್ಟ್ರಪತಿಗಳಿಗೆ ಪತ್ರ ಬರೆದರು. ನಮ್ಮ ಮಂಗಳೂರಿನಲ್ಲಿ ಮಕ್ಕಳನ್ನು ಹೆತ್ತು ಬೆಳೆಸಿದ ತಾಯಿ ಅದು.

ಮೇ 2ಕ್ಕೆ ಸ್ನೇಹಲತಾ ರೆಡ್ಡಿ. ಸಾಹಿತ್ಯದ ಬಳಗದವರಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ ಸಿನೆಮಾ ಆದಾಗ ಚಂದ್ರಿಯ ಪಾತ್ರ ಮಾಡಿದವರು. ಪತಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಕರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಲಂಕೇಶರು ನಾರಣಪ್ಪ. ಆ ಸಿನೆಮಾವನ್ನು ಮೊದಲು ಸೆನ್ಸಾರಿನವರು ತಡೆದಿದ್ದರು. ಆಮೇಲೆ ಬಿಡುಗಡೆಯಾಗಿ 1970ರ ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆಯಿತು, ಕನ್ನಡಕ್ಕೆ ಮೊದಲನೆಯದು. ತಡೆದ ಸರಕಾರವೇ ಬಂಗಾರದ ಪದಕ ಕೊಟ್ಟಿತು, ಬಂಗಾರದ ಪದಕ ಕೊಟ್ಟ ಸರಕಾರವೇ ಆರು ವರ್ಷದಲ್ಲಿ ನಾಯಕಿಯನ್ನು ಜೈಲಿಗೆ ಹಾಕಿತು.

ಅವರ ಮೇಲಿದ್ದ ಗುಮಾನಿ ಬರೋಡಾ ಡೈನಮೈಟ್ ಕೇಸಿನದು, ಜಾರ್ಜರ ಸ್ನೇಹದ್ದು. ಕೊನೆಗೆ ಆ ಕೇಸಿನ ಆರೋಪಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ಆದರೂ ಮೀಸಾ ಅಡಿ ಎಂಟು ತಿಂಗಳು ಸೆಂಟ್ರಲ್ ಜೈಲಿನಲ್ಲಿಟ್ಟರು. ಅಸ್ತಮಾ ಇದ್ದ ಹೆಂಗಸು. ರಾತ್ರಿ ಅವರ ಕೂಗು ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆ ಮುಂದೆ ಬರೆದರು. ಒಳಗೆ ಇದ್ದಾಗ ಸ್ನೇಹಲತಾ ಬರೆದ ದಿನಚರಿ ಅವರು ಹೋದ ಮೇಲೆ ಪುಸ್ತಕವಾಯಿತು. ತನ್ನ ಕಷ್ಟಕ್ಕಿಂತ ಹೆಚ್ಚಾಗಿ ಜೊತೆಯ ಹೆಂಗಸು ಕೈದಿಗಳಿಗೆ ಬೀಳುವ ಹೊಡೆತದ ಬಗ್ಗೆ, ಕೊಡುವ ಊಟದ ಬಗ್ಗೆ ಜೈಲಿನವರೊಡನೆ ಜಗಳ ಮಾಡಿದವರು ಅವರು. 1977ರ ಜನವರಿ 15ಕ್ಕೆ ಪೆರೋಲು ಕೊಟ್ಟು ಹೊರಗೆ ಬಿಟ್ಟರು. 20ಕ್ಕೆ ತೀರಿಕೊಂಡರು. ಐದು ದಿನ.

ಇವರಿಗಾಗಿ ಕೋರ್ಟಿಗೆ ಹೋಗುವ ದಾರಿಯನ್ನೇ ಏಪ್ರಿಲ್ 28ರ ತೀರ್ಪು ಮುಚ್ಚಿತ್ತು. ಯಾಕೆ ಹಿಡಿದಿರಿ ಎಂದು ಕೇಳಿದ್ದರೆ ಸರಕಾರಕ್ಕೆ ಹೇಳಲು ಏನೂ ಇರಲಿಲ್ಲ ಎಂಬುದು ಆರೋಪಪಟ್ಟಿಯಿಂದಲೇ ಗೊತ್ತಾಗುತ್ತದೆ. ಆ ಒಂದು ಪ್ರಶ್ನೆ ಕೇಳುವ ಅವಕಾಶಕ್ಕಾಗಿ ಜೋಯಿಸರೂ ಹೆಗ್ಡೆಯವರೂ ಒಂದು ವರ್ಷ ಬಡಿದಾಡಿದ್ದು. ದೊಡ್ಡ ನಾಯಕರ ಕೇಸೆಂದು ಅದು ಹೆಸರಾಯಿತು, ನಿಜ. ಆದರೆ ಶಾ ಆಯೋಗದ ಲೆಕ್ಕದ ಪ್ರಕಾರ ತುರ್ತುಪರಿಸ್ಥಿತಿಯಲ್ಲಿ ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳಡಿ ಬಂಧಿತರಾದವರು 1,10,806 ಮಂದಿ. ಇವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಸ್ನೇಹಲತಾ ತೀರಿಕೊಂಡ ಅದೇ ಜನವರಿಯಲ್ಲಿ ಖನ್ನಾ ಅವರನ್ನು ದಾಟಿ ಬೇಗ್ ಮುಖ್ಯ ನ್ಯಾಯಮೂರ್ತಿಯಾದರು, ಖನ್ನಾ ರಾಜೀನಾಮೆ ಕೊಟ್ಟರು. ಕೆ.ಎಸ್. ಹೆಗ್ಡೆಯವರಿಗೆ ಆದದ್ದೇ ಮತ್ತೊಮ್ಮೆ ಆಯಿತು. ಮಾರ್ಚಿನಲ್ಲಿ ಚುನಾವಣೆ, ಸರಕಾರ ಬಿತ್ತು. ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದಲ್ಲಿ ಗೆದ್ದ ಹೆಗ್ಡೆಯವರು ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. ಶಾಂತಿ ಭೂಷಣ್ ಕಾನೂನು ಮಂತ್ರಿ, ವಾಜಪೇಯಿ ವಿದೇಶ ಮಂತ್ರಿ.

ಸಿನೆಮಾ ಆಗಿದ್ದರೆ ಇಲ್ಲಿಗೆ ಶುಭಂ ಹಾಕಬಹುದಿತ್ತು. ಹಾಗಾಗಲಿಲ್ಲ. 1977ರ ಜುಲೈಯಲ್ಲಿ ಮೇನಕಾ ಗಾಂಧಿಯವರಿಗೆ ಪಾಸ್‌ಪೋರ್ಟು ಕಚೇರಿಯಿಂದ ಪತ್ರ ಬಂತು: ಸಾರ್ವಜನಿಕ ಹಿತದೃಷ್ಟಿಯಿಂದ ನಿಮ್ಮ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಲು ತೀರ್ಮಾನಿಸಿದ್ದೇವೆ, ಏಳು ದಿನದೊಳಗೆ ತಂದೊಪ್ಪಿಸಿ. ಕಾರಣ ಏನು ಎಂದು ಕೇಳಿದರೆ, ಅದನ್ನೂ ಸಾರ್ವಜನಿಕ ಹಿತದೃಷ್ಟಿಯಿಂದಲೇ ಹೇಳುವಂತಿಲ್ಲ ಎಂಬ ಉತ್ತರ. ಕಾರಣ ಹೇಳದೆ ಬೆಂಗಳೂರಿನಲ್ಲಿ ಬಂಧಿತರಾಗಿದ್ದ ವಾಜಪೇಯಿಯವರೇ ಮಂತ್ರಿಯಾಗಿದ್ದ ಖಾತೆಯ ಉತ್ತರ ಇದು! ಸರಕಾರದ ಪರ ಕೋರ್ಟಿನಲ್ಲಿ ನಿಂತವರಲ್ಲಿ ಸೋಲಿ ಸೊರಾಬ್ಜಿ ಒಬ್ಬರು. ಆಗ ಅವರು ಅಡಿಷನಲ್ ಸಾಲಿಸಿಟರ್ ಜನರಲ್. ಕುರ್ಚಿಯ ಗುಣ ಅಂತ ನಮ್ಮ ಹಿರಿಯರು ಹೇಳುವುದು ಇದಕ್ಕೇ ಇರಬೇಕು. ಮೇನಕಾ ಅವರ ಅತ್ತೆಯ ಸರಕಾರದಲ್ಲಿ ಸಾವಿರಾರು ಜನರಿಗೆ ಕಾರಣ ಕೇಳುವ ಹಕ್ಕಿರಲಿಲ್ಲ ಎಂಬುದೂ ನಿಜವೇ. ಆದರೆ ಹಕ್ಕು ಎಂಬುದು ನಮಗೆ ಬೇಕಾದವರಿಗೆ ಮಾತ್ರ ಎಂದಾದರೆ ಅದು ಮತ್ತೆ ಆ ಹಳೆಯ ಪಾಸ್‌ಪೋರ್ಟು ಆಗುತ್ತದೆ, ಸರಕಾರ ಮನಸ್ಸು ಮಾಡಿ ಕೊಡುವಂಥದ್ದು.

1978ರ ಜನವರಿ 25ಕ್ಕೆ ಏಳು ಮಂದಿಯ ಪೀಠ ತೀರ್ಪು ಕೊಟ್ಟಿತು. ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ. ಅದನ್ನು ಕಸಿಯುವ ಕ್ರಮ ಕಾನೂನಿನ ಪುಸ್ತಕದಲ್ಲಿ ಇದ್ದರೆ ಮಾತ್ರ ಸಾಲದು, ಆ ಕ್ರಮ ನ್ಯಾಯವಾಗಿಯೂ ಸರಿಯಾಗಿಯೂ ಇರಬೇಕು. ಮನುಷ್ಯನ ಮಾತು ಕೇಳದೆ ತೀರ್ಮಾನ ಮಾಡಬಾರದು. ಮೇನಕಾ ಅವರಿಗೆ ಪಾಸ್‌ಪೋರ್ಟು ಅಂದೇ ಕೈಗೆ ಬರಲಿಲ್ಲ. ಅವರ ಮಾತು ಕೇಳುತ್ತೇವೆಂದು ಸರಕಾರ ಕೊಟ್ಟ ಭರವಸೆಯನ್ನು ದಾಖಲಿಸಿ ಕೋರ್ಟು ಕೇಸು ಮುಗಿಸಿತು. ಮುಖ್ಯ ತೀರ್ಪು ಬರೆದವರು ಭಗವತಿ. ಜೊತೆಗೆ ಚಂದ್ರಚೂಡ್, ಮುಖ್ಯ ನ್ಯಾಯಮೂರ್ತಿ ಬೇಗ್. ಹೌದು, ಎರಡು ವರ್ಷ ಹಿಂದೆ ಬಾಗಿಲು ಮುಚ್ಚಿದ್ದ ಅದೇ ಮೂವರು. ಇದನ್ನು ಪಶ್ಚಾತ್ತಾಪ ಎನ್ನುವವರಿದ್ದಾರೆ, ಗಾಳಿ ಬಂದ ಕಡೆ ತೂರಿಕೊಂಡದ್ದು ಎನ್ನುವವರೂ ಇದ್ದಾರೆ. ನಮ್ಮ ಬಳಗದಲ್ಲೇ ಈ ಬಗ್ಗೆ ಒಮ್ಮತ ಆಗಲಿಲ್ಲ, ಚಹಾ ಆರಿ ತಣ್ಣಗಾಯಿತು.

ಅದೇ 1978ರಲ್ಲಿ ಶಾಂತಿ ಭೂಷಣ್ ಮಂಡಿಸಿದ ಸಂವಿಧಾನದ 44ನೇ ತಿದ್ದುಪಡಿ ಸಂಸತ್ತಿನಲ್ಲಿ ಪಾಸಾಯಿತು. ಇನ್ನು ಮುಂದೆ ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಯ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವುದನ್ನು ತಡೆಯುವಂತಿಲ್ಲ. ಜೋಯಿಸರು ಕೋರ್ಟಿನಲ್ಲಿ ಸೋತದ್ದನ್ನು ಸಂಸತ್ತು ಗೆಲ್ಲಿಸಿಕೊಟ್ಟಿತು ಎನ್ನಬಹುದು. ಆದರೆ ಅದೇ ತಿದ್ದುಪಡಿಯಲ್ಲಿ, ವಿಚಾರಣೆ ಇಲ್ಲದೆ ಹಿಡಿದಿಡುವ ಅವಧಿಯನ್ನು ಮೂರು ತಿಂಗಳಿಂದ ಎರಡು ತಿಂಗಳಿಗೆ ಇಳಿಸುವ ಒಂದು ಕಲಮು ಇತ್ತು. ಅದು ಜಾರಿಗೆ ಬರಬೇಕಾದರೆ ಸರಕಾರ ಒಂದು ಅಧಿಸೂಚನೆ ಹೊರಡಿಸಬೇಕು. ಎಲ್ಲ ಬಣ್ಣದ ಸರಕಾರಗಳೂ ಬಂದು ಹೋದವು. ಮೀಸಾ ಅಡಿ ಜೈಲಿಗೆ ಹೋಗಿ ಬಂದವರೇ ಪ್ರಧಾನಿ, ಉಪಪ್ರಧಾನಿ ಆದರು. ಆ ಒಂದು ಅಧಿಸೂಚನೆ ಇವತ್ತಿಗೂ ಬಂದಿಲ್ಲ.

ರಾಮಾ ಜೋಯಿಸರು ಮುಂದೆ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಆಮೇಲೆ ಜಾರ್ಖಂಡ್ ಮತ್ತು ಬಿಹಾರದ ರಾಜ್ಯಪಾಲರಾದರು, 2021ರ ಫೆಬ್ರವರಿಯಲ್ಲಿ ತೀರಿಕೊಂಡರು. ಸಂತೋಷ್ ಹೆಗ್ಡೆಯವರು 1999ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, ಅಪ್ಪ ಬಿಟ್ಟು ಬಂದ ಕೋರ್ಟಿಗೆ. 2006ರಿಂದ 2011ರ ತನಕ ಕರ್ನಾಟಕದ ಲೋಕಾಯುಕ್ತರಾಗಿ ಗಣಿಯವರ ನಿದ್ದೆ ಕೆಡಿಸಿದ್ದನ್ನು ನೀವೆಲ್ಲ ಇಲ್ಲಿ ಕೂತೇ ಓದಿದ್ದೀರಿ.

1976ರ ತೀರ್ಪಿಗೆ ಕೋರ್ಟೇ ಕೊನೆ ಹಾಡಿದ್ದು 2017ರ ಆಗಸ್ಟ್ 24ರಂದು. ಅದಕ್ಕೂ ಅರ್ಜಿದಾರರು ಕನ್ನಡಿಗರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಕಾರ್ಡಿನ ವಿರುದ್ಧ 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತಾರು ವರ್ಷ. ಆ ವಯಸ್ಸಿನಲ್ಲಿ ನಮಗೆ ಮೊಮ್ಮಕ್ಕಳ ಹೆಸರು ನೆನಪಿದ್ದರೆ ದೊಡ್ಡದು. ಒಂಬತ್ತು ಮಂದಿಯ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ತೀರ್ಪಿನೊಳಗೇ ಡಿ.ವೈ. ಚಂದ್ರಚೂಡ್ ತಮ್ಮ ತಂದೆ ವೈ.ವಿ. ಚಂದ್ರಚೂಡ್ ಸಹಿ ಹಾಕಿದ್ದ ಜಬಲಪುರದ ತೀರ್ಪು ತಪ್ಪು, ಅದು ಇನ್ನಿಲ್ಲ ಎಂದು ಬರೆದರು. ಅವರ ಬರಹಕ್ಕೆ ಸಹಿ ಸೇರಿಸಿದವರಲ್ಲಿ ಮೂಡಬಿದಿರೆ ಹತ್ತಿರದ ಬೆಳುವಾಯಿಯ ಎಸ್. ಅಬ್ದುಲ್ ನಜೀರ್ ಒಬ್ಬರು. ಬೆಳುವಾಯಿಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಅಮ್ಮನ ಮುಖ ನೋಡಲಾಗದ ಆ ಗೆಳೆಯ ಈಗ ಊರಲ್ಲೇ ಇದ್ದಾನೆ, ಪಂಪು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಅವನಿಗೆ ಫೋನು ಮಾಡಿ ಹೆಗ್ಡೆಯವರ 1965ರ ತೀರ್ಪಿನ ವಿಷಯ ಹೇಳಿದೆವು, ಹೋಗುವ ಹಕ್ಕು, ಮರಳಿ ಬರುವ ಹಕ್ಕು ಎರಡನ್ನೂ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಅಲ್ಲಿ ನಡೆಯುತ್ತಿತ್ತಾ?” ಎಂದು ಕೇಳಿದ. ಇಲ್ಲ ಮಾರಾಯ, ಅದು ನಮ್ಮ ಸರಕಾರವನ್ನು ಕಟ್ಟಿಹಾಕುವ ತೀರ್ಪು, ಇಲ್ಲಿನ ಕಪಾಟಿಗೆ ಇಲ್ಲಿನ ಕಾನೂನೇ ಬೇಕಿತ್ತು, ಅದೂ ಇತ್ತು, ನಮಗೆ ಓದಲು ಬರುತ್ತಿರಲಿಲ್ಲ, ಅರಬಿಯಲ್ಲಿತ್ತು ಎಂದೆವು. ತೀರ್ಪಿನ ಪ್ರತಿ ಸಿಕ್ಕಿದರೆ ಕಳಿಸಿ ಎಂದಿದ್ದಾನೆ. ಬಳಗದಲ್ಲಿ ಯಾರಿಗಾದರೂ 1965ರ ಮೈಸೂರು ಲಾ ಜರ್ನಲ್ ಸಂಪುಟ ಊರಿನ ವಕೀಲರಲ್ಲಿ ಸಿಗುವಂತಿದ್ದರೆ, ದಯವಿಟ್ಟು ಆ ಪುಟಗಳ ಫೋಟೋ ತೆಗೆದು ತನ್ನಿ.